ಅಳಿವೆಯ ಹಿಂಡಿನಲ್ಲಿ ಅಪರಿಚಿತ ಕಡಲಕ್ಕಿ: ಹೆಸರು ಹಿಡಿಯುವ ಕ್ರಮ

ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಎಂದು ಕಾಸರಗೋಡಿನ ಯಾವ ಅಳಿವೆಗೆ ಹೋದರೂ ಚಳಿಗಾಲದಲ್ಲಿ ಹೊಯಿಗೆಯ ದಿಣ್ಣೆ ಮೇಲೆ ಬಿಳಿ-ಬೂದು ಹಕ್ಕಿಗಳು ಗುಂಪಾಗಿ ಕೂತಿರುತ್ತವೆ. ಅವುಗಳ ನಡುವೆ ಒಂದು ಮಾತ್ರ ಬೇರೆ ಥರ ಕಾಣುತ್ತದೆ. ಪುಸ್ತಕ ತೆಗೆದು ಚಿತ್ರಕ್ಕೆ ಹೋಲಿಸಿ ಹೆಸರು ಬರೆದವರು ಹೆಚ್ಚಾಗಿ ಎಡವುವುದು ಒಂದೇ ಕಡೆ: ತಲೆಯ ಬಣ್ಣದಿಂದ ಶುರುಮಾಡುತ್ತಾರೆ.

ಹೆಸರುಗಳೇ ಹಾಗೆ ಮಾಡಿಸುತ್ತವೆ. ಬ್ರೌನ್ ಹೆಡೆಡ್ ಗಲ್ ಎನ್ನುವ ಕಂದುತಲೆ ಕಡಲಕ್ಕಿ, ಬ್ಲ್ಯಾಕ್ ಹೆಡೆಡ್ ಗಲ್ ಎನ್ನುವ ಕರಿತಲೆ ಕಡಲಕ್ಕಿ, ಎರಡೂ ನಮ್ಮ ತೀರಕ್ಕೆ ಬರುವಾಗ ಬಿಳಿ ತಲೆಯವು. ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ ಉಳಿದಿರುತ್ತದೆ. ಅಷ್ಟೇ ಅಲ್ಲ, ಮರಿ ಮಾಡುವ ಕಾಲದಲ್ಲಿ ಕರಿತಲೆಯ ತಲೆಯೂ ಕಪ್ಪಲ್ಲ, ಗಾಢ ಚಾಕಲೇಟು ಕಂದು. ಆದ್ದರಿಂದ ಕೆಳಗಿನ ಕ್ರಮದಲ್ಲಿ ತಲೆಯ ಬಣ್ಣವನ್ನು ಬೇಕೆಂದೇ ಕೊನೆಗೆ ಇಟ್ಟಿದೆ. ಹಂತ ಹಾರಿಸಬೇಡಿ.

ಬೇಕಾದ ಸಾಮಾನು

8×42 ಅಥವಾ 10×42 ಬೈನಾಕ್ಯುಲರ್ ಸಾಕು. ಚಿಕ್ಕ 8×21 ಇದ್ದರೆ ಕಣ್ಣಿನ ಬಣ್ಣ, ಕೊಕ್ಕಿನ ತುದಿ ಎರಡೂ ಸರಿಯಾಗಿ ಕಾಣುವುದಿಲ್ಲ. ಸ್ಕೋಪ್, ಅಂದರೆ ಮುಕ್ಕಾಲಿಯ ಮೇಲೆ ಇಟ್ಟು ನೋಡುವ ದೂರದರ್ಶಕ, ಇದ್ದವರು ಅದನ್ನು 25ರಿಂದ 40 ಪಟ್ಟಿನೊಳಗೆ ಬಳಸಿ. 60ಕ್ಕೆ ಏರಿಸಿದರೆ ಕಡಲ ತೀರದ ಬಿಸಿಗಾಳಿಯ ನಡುಕವೂ ದೊಡ್ಡದಾಗುತ್ತದೆ, ಹಕ್ಕಿ ನೀರಿನಡಿಯಲ್ಲಿ ಇದ್ದ ಹಾಗೆ ಅಲುಗಾಡುತ್ತದೆ.

ಕ್ಯಾಮರಾಕ್ಕೆ 300 ಮಿ.ಮೀ. ಅಥವಾ ಹೆಚ್ಚಿನ ಲೆನ್ಸ್ ಬೇಕು. ಇಲ್ಲಿ ಅದು ಚಂದದ ಚಿತ್ರಕ್ಕಲ್ಲ, ಹಾರುವಾಗ ಅರ್ಧ ಸೆಕೆಂಡು ಮಾತ್ರ ಬಿಚ್ಚಿಕೊಳ್ಳುವ ರೆಕ್ಕೆಯನ್ನು ಆಮೇಲೆ ನಿಧಾನವಾಗಿ ನೋಡುವುದಕ್ಕೆ. ಜೊತೆಗೆ ಪುಟ್ಟ ನೋಟ್‌ಬುಕ್, ಪೆನ್ಸಿಲ್, ಆ ದಿನದ ಉಬ್ಬರ-ಇಳಿತದ ಸಮಯ. ಬಿಳಿ ಅಂಗಿ ಬೇಡ.

ಹಂತ 1: ಹೊತ್ತು ಮತ್ತು ನಿಲ್ಲುವ ಜಾಗ

ನಮ್ಮ ಕಡಲು ಪಡುವಣಕ್ಕಿದೆ. ಬೆಳಿಗ್ಗೆ ಕಡಲಿಗೆ ಮುಖ ಮಾಡಿ ನಿಂತರೆ ಸೂರ್ಯ ನಿಮ್ಮ ಬೆನ್ನಿಗೆ, ಹಕ್ಕಿಯ ಮೇಲೆ ನೇರ ಬೆಳಕು. ಮಧ್ಯಾಹ್ನ ಕಳೆದ ಮೇಲೆ ಅದೇ ಜಾಗದಲ್ಲಿ ನಿಂತರೆ ಹಕ್ಕಿಗಳೆಲ್ಲ ಕಪ್ಪು ನೆರಳು. ಸಂಜೆ ಮಾತ್ರ ಬಿಡುವಿರುವವರು ಅಳಿವೆಯ ತೆಂಕು ಅಥವಾ ಬಡಗು ದಡಕ್ಕೆ ಹೋಗಿ, ಬೆಳಕು ಪಕ್ಕದಿಂದ ಬೀಳುವ ಹಾಗೆ ನಿಲ್ಲಬೇಕು.

ಗಾಳಿಯನ್ನು ಹೆಚ್ಚಿನವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೂತ ಕಡಲಕ್ಕಿ ಗಾಳಿಗೆ ಮುಖ ಕೊಡುತ್ತದೆ. ಮುಂಜಾನೆ ನೆಲದಿಂದ ಕಡಲಿಗೆ ಗಾಳಿ ಬೀಸುವಾಗ ಹಿಂಡು ನಿಮ್ಮತ್ತ ಮುಖ ಮಾಡಿರುತ್ತದೆ, ಕೊಕ್ಕು ಮತ್ತು ಕಣ್ಣು ನೋಡಲು ಅದೇ ಹೊತ್ತು. ಬಿಸಿಲೇರಿ ಕಡಲಗಾಳಿ ಎದ್ದ ಮೇಲೆ ಎಲ್ಲವೂ ತಿರುಗಿ ಬಾಲ ತೋರಿಸುತ್ತವೆ. ಆಗ ಬೆನ್ನಿನ ಬೂದು, ಮಡಚಿದ ರೆಕ್ಕೆಯ ತುದಿ ನೋಡಬಹುದು, ಮುಖ ಸಿಗದು. ಎರಡೂ ಬೇಕೆಂದರೆ ಗಾಳಿ ತಿರುಗುವ ಹೊತ್ತಿಗೆ ಅಲ್ಲಿರಬೇಕು.

ನೀರು ಏರಿದಾಗ ಕೆಸರು ಮುಳುಗಿ, ಚದರಿದ್ದ ಹಕ್ಕಿಗಳು ಒಂದೇ ಎತ್ತರದ ದಿಣ್ಣೆಗೆ ಬಂದು ಸೇರುತ್ತವೆ. ಹೋಲಿಸಿ ನೋಡಲು ಉಬ್ಬರದ ಹೊತ್ತೇ ಒಳ್ಳೆಯದು. ಮಂಜೇಶ್ವರದ ಬಂದರಿನಂಥ ಕಡೆ ಉಬ್ಬರಕ್ಕಿಂತ ಬೋಟು ಮೀನು ಇಳಿಸುವ ಹೊತ್ತು ಮುಖ್ಯ.

ಹಿಂಡಿನಿಂದ 70-80 ಮೀಟರ್ ದೂರದಲ್ಲಿ ಕೂತುಬಿಡಿ. ಎಚ್ಚರಿಕೆಯ ಗುರುತು: ಮಲಗಿದ್ದವು ಎದ್ದು ಕುತ್ತಿಗೆ ನೆಟ್ಟಗೆ ಮಾಡಿದರೆ, ಅಥವಾ ಇಡೀ ಹಿಂಡು ಒಂದೇ ದಿಕ್ಕಿಗೆ ನಡೆಯತೊಡಗಿದರೆ, ನೀವು ಹತ್ತಿರ ಬಂದದ್ದು ಹೆಚ್ಚಾಯಿತು. ಇನ್ನು ಎರಡು ಹೆಜ್ಜೆಗೆ ಹಾರುತ್ತವೆ, ನೀವು ಹುಡುಕುತ್ತಿದ್ದ ಹಕ್ಕಿಯೂ ಹೋಗುತ್ತದೆ.

ಹಂತ 2: ರೀವಗಳನ್ನು ಬದಿಗಿಡಿ

ಹಿಂಡಿನಲ್ಲಿ ಇರುವುದೆಲ್ಲ ಕಡಲಕ್ಕಿಯಲ್ಲ. ಟರ್ನ್ ಎನ್ನುವ ರೀವಗಳೂ ಅಲ್ಲೇ ಕೂರುತ್ತವೆ. ರೀವದ ಕಾಲು ಗಿಡ್ಡ, ಹೊಟ್ಟೆ ಹೊಯಿಗೆಗೆ ತಾಗಿದ ಹಾಗೆ ಕಾಣುತ್ತದೆ, ಕೊಕ್ಕು ನೇರ ಮತ್ತು ಚೂಪು. ಕಡಲಕ್ಕಿಯ ಕಾಲು ಉದ್ದ, ಆರಾಮಾಗಿ ನಡೆದಾಡುತ್ತದೆ, ಕೊಕ್ಕಿನ ತುದಿ ಕೆಳಕ್ಕೆ ಬಾಗಿರುತ್ತದೆ.

ಮೋಸ ಮಾಡುವುದು ಎರಡು. ಕ್ಯಾಸ್ಪಿಯನ್ ರೀವ ಗಾತ್ರದಲ್ಲಿ ಕಂದುತಲೆ ಕಡಲಕ್ಕಿಗಿಂತ ದೊಡ್ಡದು, ಆದರೆ ಅದರ ಗಜ್ಜರಿಯಂಥ ಕೆಂಪು ಕೊಕ್ಕನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಗಲ್ ಬಿಲ್ಡ್ ಟರ್ನ್‌ಗೆ ಹೆಸರಿನಲ್ಲೇ ಗಲ್ ಇದೆ: ದಪ್ಪ ಕಪ್ಪು ಕೊಕ್ಕು, ಚಳಿಗಾಲದಲ್ಲಿ ಬಿಳಿ ತಲೆ, ಕಣ್ಣಿನ ಬಳಿ ಕಪ್ಪು ಪಟ್ಟಿ. ಕೊಕ್ಕು ಪೂರಾ ಕಪ್ಪು, ಕಾಲೂ ಕಪ್ಪು ಎಂದಾದರೆ ಚಿಕ್ಕ ಕಡಲಕ್ಕಿ ಎನ್ನುವ ಯೋಚನೆ ಬಿಡಿ.

ಹಂತ 3: ಮೊದಲು ಪರಿಚಿತ ಹಕ್ಕಿಯನ್ನು ಕಲಿಯಿರಿ

ಅಪರಿಚಿತವನ್ನು ಸದ್ಯಕ್ಕೆ ಬಿಡಿ. ಹಿಂಡಿನಲ್ಲಿ ಅತಿ ಹೆಚ್ಚಿರುವ ಜಾತಿಯನ್ನು ಹತ್ತು ನಿಮಿಷ ನೋಡಿ. ಇಲ್ಲಿ ಅದು ಸಾಮಾನ್ಯವಾಗಿ ಕಂದುತಲೆ, ಮಲಯಾಳದಲ್ಲಿ ತವಿಟ್ಟುತಲಯನ್ ಕಡಲ್‌ಕಾಕ್ಕ. ಲಡಾಖ್, ಟಿಬೆಟ್ ಕಡೆಯ ಸರೋವರಗಳಲ್ಲಿ ಮರಿ ಮಾಡಿ ಚಳಿಗೆ ಇಳಿದು ಬರುವ ಹಕ್ಕಿ.

ಬೆಳೆದ ಹಕ್ಕಿಯಲ್ಲಿ ನೋಡಬೇಕಾದ್ದು: ಕೊಕ್ಕು ಕೆಂಪು, ತುದಿ ಕಪ್ಪು. ಕಾಲು ಕೆಂಪು. ಬೆನ್ನು ತಿಳಿ ಬೂದು. ಕಣ್ಣಿನ ಗೊಂಬೆಯ ಸುತ್ತ ಬಿಳಿಚು ಹಳದಿ, ಹಾಗಾಗಿ ಸ್ವಲ್ಪ ಸಿಟ್ಟಿನ ಮುಖ. ಹಾರಿದಾಗ ರೆಕ್ಕೆಯ ತುದಿ ಅಗಲಕ್ಕೆ ಕಪ್ಪು, ಆ ಕಪ್ಪಿನೊಳಗೆ ಎರಡು ಬಿಳಿ ಮಚ್ಚೆ. ಈ ಮಚ್ಚೆಗೆ ಪಕ್ಷಿವೀಕ್ಷಕರು ಮಿರರ್ ಎನ್ನುತ್ತಾರೆ.

ಇದನ್ನು ಬರೆದಿಡಿ. ಮುಂದಿನ ಎಲ್ಲ ಹಂತಗಳಿಗೂ ಅಳತೆಗೋಲು ಇದೇ ಹಕ್ಕಿ. ಈ ಹಂತ ಹಾರಿಸಿದವರು ಕಂದುತಲೆಯ ಮರಿಯನ್ನೇ ಅಪರೂಪದ ಅತಿಥಿ ಎಂದು ಬರೆಯುತ್ತಾರೆ.

ಹಂತ 4: ಗಾತ್ರ, ಕಾಗೆಯ ಲೆಕ್ಕದಲ್ಲಿ

ಸೆಂಟಿಮೀಟರಿನಲ್ಲಿ ಅಂದಾಜು ಮಾಡಲು ಹೋಗಬೇಡಿ, ಬರಿಗಣ್ಣಿಗೆ ಅದು ಆಗದ ಕೆಲಸ. ಮೀನು ಇಳಿಸುವ ಕಡೆ ಊರ ಕಾಗೆ ಇದ್ದೇ ಇರುತ್ತದೆ. ಕಂದುತಲೆ ಸುಮಾರು 42 ಸೆಂ.ಮೀ., ಊರ ಕಾಗೆ 40ರ ಆಸುಪಾಸು, ಹೆಚ್ಚುಕಡಿಮೆ ಸಮ. ಕರಿತಲೆ ಕಾಗೆಗಿಂತ ಒಂದು ಚೂರು ಸಣ್ಣ. ಹ್ಯೂಗ್ಲಿನ್ಸ್ ಗಲ್, ಪಲ್ಲಾಸ್ ಗಲ್ ಎನ್ನುವ ದೊಡ್ಡ ಕಡಲಕ್ಕಿಗಳು ಎರಡೂ 60 ಸೆಂ.ಮೀ. ಆಸುಪಾಸಿನವು ಅಥವಾ ಹೆಚ್ಚಿನವು. ಕಾಗೆಯ ಪಕ್ಕ ನಿಂತರೆ ಕೋಳಿಮರಿಯ ಪಕ್ಕ ಹುಂಜ ನಿಂತ ಹಾಗೆ.

ಇಲ್ಲಿ ನಿಮಗೆ ಬೇಕಾದ ಉತ್ತರ ಒಂದೇ: ಚಿಕ್ಕ ಗುಂಪೋ ದೊಡ್ಡ ಗುಂಪೋ. ನಡುವಿನದು ಎಂದು ಅನಿಸಿದರೆ ಹೆಚ್ಚಾಗಿ ನಿಮ್ಮ ಕಣ್ಣಿನ ತಪ್ಪು, ಜಾಗ ಬದಲಿಸಿ ಮತ್ತೆ ನೋಡಿ.

ಸಾಮಾನ್ಯ ತಪ್ಪು: ಉದ್ದ ಲೆನ್ಸಿನಲ್ಲಿ ಅಥವಾ ಸ್ಕೋಪಿನಲ್ಲಿ ಸಮಾನ ಗಾತ್ರದ ಎರಡು ಹಕ್ಕಿಗಳಲ್ಲಿ ಹಿಂದೆ ನಿಂತದ್ದೇ ದೊಡ್ಡದಾಗಿ ಕಾಣುತ್ತದೆ. ಅಪರಿಚಿತ ಹಕ್ಕಿ ಪರಿಚಿತದ ಹಿಂದೆ ಇದ್ದರೆ ಗಾತ್ರ ತೀರ್ಮಾನಿಸಬೇಡಿ. ಅಕ್ಕಪಕ್ಕ ಬರುವ ತನಕ ಕಾಯಿರಿ. ಚಳಿಗೆ ಗರಿ ಉಬ್ಬಿಸಿದ ಹಕ್ಕಿಯೂ ಹೀಗೆಯೇ ದಪ್ಪ ಕಾಣುತ್ತದೆ.

ಹಂತ 5: ವಯಸ್ಸು

ಚಿಕ್ಕ ಕಡಲಕ್ಕಿ ಸುಮಾರು ಎರಡು ವರ್ಷದಲ್ಲಿ ಪೂರ್ಣ ಬಣ್ಣಕ್ಕೆ ಬರುತ್ತದೆ. ದೊಡ್ಡವಕ್ಕೆ ಸುಮಾರು ನಾಲ್ಕು ವರ್ಷ ಬೇಕು. ಅಂದರೆ ಒಂದೇ ಜಾತಿಯ ದೊಡ್ಡ ಹಕ್ಕಿ ನಾಲ್ಕು ವೇಷದಲ್ಲಿ ಸಿಗಬಹುದು, ಪುಸ್ತಕದಲ್ಲಿ ಎರಡು ಚಿತ್ರ ಇರುತ್ತದೆ.

ನೋಡಬೇಕಾದ ಕಡೆ ಎರಡು. ಬಾಲದ ತುದಿಯಲ್ಲಿ ಕಪ್ಪು ಪಟ್ಟಿ ಇದೆಯೇ? ಮಡಚಿದ ರೆಕ್ಕೆಯ ಮೇಲೆ ಕಂದು ಗರಿಗಳಿವೆಯೇ? ಎರಡರಲ್ಲಿ ಒಂದಾದರೂ ಇದ್ದರೆ ಎಳೆಯ ಹಕ್ಕಿ. ಆಗ ಕಾಲು-ಕೊಕ್ಕು-ಕಣ್ಣಿನ ಬಣ್ಣಗಳನ್ನು ನಂಬುವಂತಿಲ್ಲ. ಮೊದಲ ಚಳಿಗಾಲದ ಕಂದುತಲೆಗೆ ಕಣ್ಣು ಗಾಢ, ಕೊಕ್ಕಿನ ಬುಡ ಮಾಸಿದ ಕಿತ್ತಳೆ, ರೆಕ್ಕೆಯ ತುದಿ ಪೂರಾ ಕಪ್ಪು, ಮಿರರ್ ಇಲ್ಲ. ಮುಖ ಮಾತ್ರ ನೋಡಿದವರಿಗೆ ಅದು ಕರಿತಲೆಯೇ.

ಮಾರ್ಚ್ ಕಳೆದ ಮೇಲೆ ಇನ್ನೊಂದು ತೊಂದರೆ. ಎಳೆಯ ಹಕ್ಕಿಗಳ ಗರಿ ಬಿಸಿಲಿಗೆ ಸವೆದು, ಕಂದು ಬಣ್ಣ ಬಿಳಿಚಿಕೊಂಡು, ರೆಕ್ಕೆ ಹಳೆಯ ಚಾಪೆಯ ಅಂಚಿನ ಹಾಗೆ ಆಗಿರುತ್ತದೆ. ಏಪ್ರಿಲಿನಲ್ಲಿ ಕಾಣುವ "ವಿಚಿತ್ರ ಬಿಳಿ ಕಡಲಕ್ಕಿ"ಯನ್ನು ಮೊದಲು ಸವೆದ ಗರಿಯ ಮರಿ ಎಂದೇ ಸಂಶಯಿಸಿ.

ಹಂತ 6: ಚಿಕ್ಕ ಗುಂಪು, ಮೂರರಲ್ಲಿ ಯಾವುದು

ಕಂದುತಲೆ, ಕರಿತಲೆ, ಸ್ಲೆಂಡರ್ ಬಿಲ್ಡ್ ಗಲ್ ಎನ್ನುವ ಸಪೂರ ಕೊಕ್ಕಿನ ಕಡಲಕ್ಕಿ. ಈ ಮೂರನ್ನು ಬಿಡಿಸಲು ರೆಕ್ಕೆಯ ತುದಿಯೇ ಮುಖ್ಯ ಸಾಕ್ಷಿ, ಉಳಿದದ್ದೆಲ್ಲ ಅದರ ಹಿಂದೆ.

ಹಾರುವಾಗ ರೆಕ್ಕೆಯ ಮುಂದಿನ ಅಂಚು ನೋಡಿ. ಕಂದುತಲೆಯಲ್ಲಿ ಕಪ್ಪು ತುದಿ ಅಗಲ, ಅದರ ಒಳಬದಿಗೆ ಬಿಳಿ. ಕರಿತಲೆಯಲ್ಲಿ ಹೊರಗಿನ ಗರಿಗಳೇ ಬಿಳಿ, ಹಾಗಾಗಿ ರೆಕ್ಕೆಯ ಮುಂದಿನ ಅಂಚಿನಲ್ಲಿ ಉದ್ದ ಬಿಳಿ ಬೆಣೆ, ಕಪ್ಪು ಗರಿಗಳ ತುದಿಯಲ್ಲಿ ಮಾತ್ರ. ಇದು ಮರಿಗಳಲ್ಲೂ ಕೆಲಸ ಮಾಡುತ್ತದೆ: ಕರಿತಲೆಯ ಮರಿಗೆ ಬಿಳಿ ಬೆಣೆ ಕಂದು ಗೆರೆಗಳ ನಡುವೆಯಾದರೂ ಇರುತ್ತದೆ, ಕಂದುತಲೆಯ ಮರಿಗೆ ತುದಿ ಕಪ್ಪೇ ಕಪ್ಪು.

ಸಪೂರ ಕೊಕ್ಕಿನದರ ರೆಕ್ಕೆ ಕರಿತಲೆಯ ಹಾಗೆಯೇ ಇರುವುದರಿಂದ ಅಲ್ಲಿ ರೆಕ್ಕೆ ಸಾಲದು, ಆಕಾರಕ್ಕೆ ಬರಬೇಕು. ಹಣೆ ದುಂಡಗಿಲ್ಲ, ಕೊಕ್ಕಿನ ತನಕ ಇಳಿಜಾರು. ಕೊಕ್ಕು ಉದ್ದ, ಕುತ್ತಿಗೆ ಉದ್ದ, ಕಾಲೂ ತುಸು ಉದ್ದ. ಎಚ್ಚರವಾದಾಗ ಕುತ್ತಿಗೆ ಚಾಚಿ ನಿಲ್ಲುವ ರೀತಿಯಲ್ಲೇ ಬೇರೆ ಅನಿಸುತ್ತದೆ. ಬೆಳೆದದ್ದಕ್ಕೆ ಕಣ್ಣು ತಿಳಿ, ಕಣ್ಣಿನ ಹಿಂದಿನ ಚುಕ್ಕೆ ಇದ್ದರೂ ಮಸುಕು. ಹೆಸರು ನೋಡಿ ಕೊಕ್ಕು ದಾರದ ಹಾಗೆ ತೆಳ್ಳಗಿರುತ್ತದೆ ಎಂದುಕೊಂಡವರು ನಿರಾಶರಾಗುತ್ತಾರೆ. ತೆಳುವಿಗಿಂತ ಉದ್ದವೇ ಕಣ್ಣಿಗೆ ಬೀಳುವುದು.

ಕೂತ ಹಕ್ಕಿ ಹಾರದೇ ಇದ್ದರೆ? ಬೆಳೆದ ಹಕ್ಕಿಯಾದರೆ ಕಣ್ಣು ನೋಡಿ: ಕಂದುತಲೆಗೆ ತಿಳಿ, ಕರಿತಲೆಗೆ ಗಾಢ. ಕಂದುತಲೆಯ ಕೊಕ್ಕೂ ದಪ್ಪ. ಆದರೂ ಗರಿ ತಿದ್ದಿಕೊಳ್ಳಲು ಒಂದು ರೆಕ್ಕೆ ಎತ್ತುವ ಗಳಿಗೆಗೆ ಕಾಯುವುದು ಒಳ್ಳೆಯದು. ಓಡಿಸಿ ಹಾರಿಸಬೇಡಿ. ಅಳಿವೆಯ ನಾಯಿಗಳು ಆ ಕೆಲಸವನ್ನು ನಿಮಗಾಗಿ ದಿನಕ್ಕೆ ಹತ್ತು ಸಲ ಮಾಡುತ್ತವೆ.

ಈಗ ತಲೆ ನೋಡಬಹುದು. ಫೆಬ್ರವರಿ-ಮಾರ್ಚ್ ಹೊತ್ತಿಗೆ ಕೆಲವಕ್ಕೆ ಬಣ್ಣ ಏರಿರುತ್ತದೆ. ಕಂದುತಲೆಯ ಟೋಪಿ ಮಾಸಲು ಕಂದು, ಹಿಂಬದಿಯ ಅಂಚು ಗಾಢ. ಕರಿತಲೆಯದು ಇಡಿಯಾಗಿ ಗಾಢ. ಅರ್ಧ ಬಣ್ಣ ಏರಿದ ತಲೆಯಿಂದ ಮಾತ್ರ ತೀರ್ಮಾನ ಮಾಡಬೇಡಿ.

ಹಂತ 7: ದೊಡ್ಡ ಗುಂಪು

ಮೊದಲ ಪ್ರಶ್ನೆ ಬೆನ್ನಿನ ಬೂದು ಎಷ್ಟು ಗಾಢ ಎಂಬುದು. ಪಕ್ಕದ ಕಂದುತಲೆಗೆ ಹೋಲಿಸಿ. ಬೆಳೆದ ಪಲ್ಲಾಸ್ ಗಲ್‌ನ ಬೆನ್ನು ಹೆಚ್ಚುಕಡಿಮೆ ಅಷ್ಟೇ ತಿಳಿ. ಹ್ಯೂಗ್ಲಿನ್ಸ್ ಗಲ್‌ನದು ಸ್ಲೇಟಿನ ಹಾಗೆ ಗಾಢ, ಬರಿಗಣ್ಣಿಗೇ ವ್ಯತ್ಯಾಸ ಹೊಳೆಯುತ್ತದೆ.

ಪಲ್ಲಾಸ್ ಗುರುತಿಸುವುದು ದೊಡ್ಡವುಗಳಲ್ಲೇ ಸುಲಭ. ಉದ್ದ ಇಳಿಜಾರು ಹಣೆ, ಭಾರದ ಕೊಕ್ಕು, ಅದರಲ್ಲಿ ಹಳದಿ, ಕಪ್ಪು ಪಟ್ಟಿ, ತುದಿಗೆ ಕೆಂಪು ಎಂದು ಮೂರು ಬಣ್ಣ. ಕಾಲು ಹಳದಿ. ಚಳಿಗಾಲದಲ್ಲಿ ಕಣ್ಣಿನ ಹಿಂದೆ ಮಸಿ ಒರೆಸಿದ ಹಾಗೆ, ಕಣ್ಣಿನ ಮೇಲೆ-ಕೆಳಗೆ ಎರಡು ಬಿಳಿ ಅರ್ಧಚಂದ್ರ. ಉಳಿದವುಗಳಿಗಿಂತ ಬೇಗನೆ ತಲೆಗೆ ಬಣ್ಣ ಏರಿಸಿಕೊಳ್ಳುವ ಹಕ್ಕಿ ಇದು, ಮತ್ತು ನಿಜವಾಗಿಯೂ ಕಪ್ಪು ತಲೆ ಇರುವುದು ಇದಕ್ಕೇ! ಪುಸ್ತಕ ನೋಡಿ ಇದನ್ನು ಬ್ಲ್ಯಾಕ್ ಹೆಡೆಡ್ ಎಂದು ಬರೆಯುವವರು ಗಾತ್ರದ ಹಂತ ಹಾರಿಸಿದವರು.

ಹ್ಯೂಗ್ಲಿನ್ಸ್ ಮತ್ತು ಅದರ ಹತ್ತಿರದ ನಂಟ ಸ್ಟೆಪ್ಪಿ ಗಲ್ ಎರಡನ್ನೂ ಈಗಿನ ಹಲವು ಪಟ್ಟಿಗಳಲ್ಲಿ ಲೆಸ್ಸರ್ ಬ್ಲ್ಯಾಕ್ ಬ್ಯಾಕ್ಡ್ ಗಲ್‌ನ ಉಪಜಾತಿಗಳಾಗಿ ಇಡುತ್ತಾರೆ. ಬೆಳೆದವಕ್ಕೆ ಹಳದಿ ಕಾಲು, ಹಳದಿ ಕೊಕ್ಕು, ಕೆಳ ಕೊಕ್ಕಿನಲ್ಲಿ ಕೆಂಪು ಚುಕ್ಕೆ. ಚಳಿಗಾಲದಲ್ಲಿ ಹ್ಯೂಗ್ಲಿನ್ಸ್‌ನ ತಲೆ ಮತ್ತು ಹಿಂಗುತ್ತಿಗೆಯಲ್ಲಿ ಕಂದು ಗೀರುಗಳು. ಸ್ಟೆಪ್ಪಿಯ ಬೆನ್ನು ಒಂದು ಹದ ತಿಳಿ, ತಲೆ ಹೆಚ್ಚು ಬಿಳಿ, ಕೊಕ್ಕಿನ ತುದಿಯ ಬಳಿ ಆಗಾಗ ಕಪ್ಪು ಗುರುತು. ಇನ್ನೂ ತಿಳಿ ಬೆನ್ನು, ಚಿಕ್ಕ ಗಾಢ ಕಣ್ಣು, ಉದ್ದಕ್ಕೂ ಒಂದೇ ದಪ್ಪದ ಕೊಕ್ಕು ಕಂಡರೆ ಕ್ಯಾಸ್ಪಿಯನ್ ಗಲ್ ಎಂದು ಯೋಚಿಸಬಹುದು. ಆದರೆ ಬಿಚ್ಚಿದ ರೆಕ್ಕೆಯ ಫೋಟೋ ಇಲ್ಲದೆ ಆ ಹೆಸರು ಬರೆಯುವುದು ಬೇಡ.

ಬೂದಿನ ಹದ ಅಳೆಯುವಾಗ ಬೆಳಕು ಆಟ ಆಡುತ್ತದೆ. ಒಂದೇ ಹಕ್ಕಿ ಬೆನ್ನನ್ನು ಬಿಸಿಲಿಗೆ ತಿರುಗಿಸಿದಾಗ ತಿಳಿ, ಓರೆಯಾದಾಗ ಗಾಢ. ಮೋಡದ ದಿನದ ನೋಟವೇ ಹೆಚ್ಚು ನಂಬಿಕೆಯದು. ಹೋಲಿಸುವ ಎರಡೂ ಹಕ್ಕಿಗಳು ಒಂದೇ ದಿಕ್ಕಿಗೆ ನಿಂತಿರಬೇಕು.

ದೊಡ್ಡ ಮರಿಗಳು: ಮೊದಲ ಚಳಿಗಾಲದ ಹ್ಯೂಗ್ಲಿನ್ಸ್ ಕಂದು ಚೌಕಳಿ ಹೊದ್ದ ಹಾಗೆ, ಕೊಕ್ಕು ಕಪ್ಪು, ಕಾಲು ಗುಲಾಬಿ. ಪಲ್ಲಾಸ್ ಮರಿಯ ಎದೆ-ಹೊಟ್ಟೆ ಬಿಳಿ, ಹಿಂಗುತ್ತಿಗೆಯಲ್ಲಿ ಕಂದು ಶಾಲು, ಕೊಕ್ಕಿನ ಬುಡ ತಿಳಿ ಮತ್ತು ತುದಿ ಕಪ್ಪು, ಬಿಳಿ ಬಾಲಕ್ಕೆ ಗೆರೆ ಎಳೆದಷ್ಟು ಸ್ಪಷ್ಟ ಕಪ್ಪು ಪಟ್ಟಿ. ಎರಡನೆಯ, ಮೂರನೆಯ ಚಳಿಗಾಲದವು ಮರಿಗೂ ಬೆಳೆದ ಹಕ್ಕಿಗೂ ನಡುವಿನ ಬೆರಕೆ ಬಣ್ಣದಲ್ಲಿರುತ್ತವೆ. ಅವುಗಳಿಗೆ ಕೊಕ್ಕು ಮತ್ತು ಹಣೆಯ ಆಕಾರವನ್ನೇ ಹಿಡಿದುಕೊಳ್ಳಿ.

ಇನ್ನೊಂದು ಎಚ್ಚರಿಕೆ. ಹ್ಯೂಗ್ಲಿನ್ಸ್ ಗರಿ ಬದಲಿಸುವುದು ತಡ. ಡಿಸೆಂಬರ್-ಜನವರಿಯಲ್ಲೂ ಹೊರಗಿನ ಗರಿಗಳು ಅರ್ಧ ಬೆಳೆದಿರಬಹುದು. ಆಗ ರೆಕ್ಕೆ ಮೊಂಡಾಗಿ ಕಾಣುತ್ತದೆ, ಮಿರರ್ ಇಲ್ಲದ ಹಾಗಿರುತ್ತದೆ. ಮಿರರ್ ಇಲ್ಲ ಎಂದು ಬೇರೆ ಹೆಸರು ಹುಡುಕುವ ಮುಂಚೆ ಮಿರರ್ ಇರಬೇಕಾದ ಗರಿ ಇದೆಯೇ ನೋಡಿ.

ಹಂತ 8: ರೆಕ್ಕೆಯ ಫೋಟೋ

ಶಟರ್ 1/2000 ಸೆಕೆಂಡು, ನಿರಂತರ ಕ್ಲಿಕ್. ಹಿನ್ನೆಲೆ ಗಾಢ ನೀರಾದರೆ ಎಕ್ಸ್‌ಪೋಶರ್ ಅನ್ನು ಒಂದು ಸ್ಟಾಪ್‌ನಷ್ಟು ಇಳಿಸಿ, ಇಲ್ಲದಿದ್ದರೆ ಬಿಳಿ ಸುಟ್ಟು ಮಿರರ್ ಗರಿಯಲ್ಲೇ ಕರಗಿಹೋಗುತ್ತದೆ. ಬೆಳ್ಳನೆಯ ಹೊಯಿಗೆಯ ಮೇಲೆ ಇದಕ್ಕೆ ತದ್ವಿರುದ್ಧ: ಕ್ಯಾಮರಾ ತಾನಾಗಿ ಎಲ್ಲವನ್ನೂ ಕಪ್ಪಾಗಿಸುತ್ತದೆ, ತಿಳಿ ಬೆನ್ನೂ ಹ್ಯೂಗ್ಲಿನ್ಸ್‌ನ ಹಾಗೆ ಕಾಣುತ್ತದೆ. ಆದ್ದರಿಂದ ಅಪರಿಚಿತ ಹಕ್ಕಿಯೊಂದನ್ನೇ ತುಂಬಿಸಿ ತೆಗೆಯಬೇಡಿ, ಪಕ್ಕದ ಕಂದುತಲೆಯೂ ಅದೇ ಚಿತ್ರದಲ್ಲಿರಲಿ.

ಕನಿಷ್ಠ ನಾಲ್ಕು ಚಿತ್ರ ಬೇಕು: ಕೂತ ಹಕ್ಕಿಯ ಪಕ್ಕದ ನೋಟ, ಬಿಚ್ಚಿದ ರೆಕ್ಕೆಯ ಮೇಲ್ಭಾಗ, ರೆಕ್ಕೆಯ ಕೆಳಭಾಗ, ಬಾಲ. ಮುಖದ ಹತ್ತು ಚಿತ್ರ ಇದ್ದು ರೆಕ್ಕೆಯ ಒಂದೂ ಇಲ್ಲದಿದ್ದರೆ ಯಾರೂ ನಿಮಗೆ ಸಹಾಯ ಮಾಡಲಾರರು.

ಹಂತ 9: ಯಾವುದಕ್ಕೂ ಹೊಂದದಿದ್ದರೆ

ಮೊದಲು ಕೊಳೆ ಇದೆಯೇ ನೋಡಿ. ಬಂದರಿನ ಹಕ್ಕಿಗಳಿಗೆ ಡೀಸೆಲ್, ಗ್ರೀಸ್, ಮೀನಿನ ರಕ್ತ ಅಂಟುವುದು ಸಾಮಾನ್ಯ. ಕೆಸರಿನಲ್ಲಿ ನಡೆದ ಹಳದಿ ಕಾಲು ಕಪ್ಪಾಗಿರುತ್ತದೆ. ಕೊಳೆಯಾದರೆ ಎರಡೂ ಬದಿ ಒಂದೇ ಥರ ಇರುವುದಿಲ್ಲ, ಅದೇ ಪರೀಕ್ಷೆ.

ಮೈಯೆಲ್ಲ ಕಂದು ಛಾಯೆ, ತಲೆಗೆ ಗಾಢ ಕಂದು ಟೋಪಿ, ಎರಡು-ಮೂರು ಬಣ್ಣದ ಉದ್ದ ದಪ್ಪ ಕೊಕ್ಕು, ಕಣ್ಣಿನ ಮೇಲೆ ಬಿಳಿ ಗೆರೆ ಇರುವ ಹಕ್ಕಿ ಕಂಡರೆ ಅರಬ್ ಕರಾವಳಿಯ ಸೂಟಿ ಗಲ್ ಇರಬಹುದು. ಅಂಥದ್ದು ಸಿಕ್ಕರೆ ಹೆಸರಿಗಿಂತ ಮೊದಲು ಚಿತ್ರ, ಹೊತ್ತು, ಜಾಗ ದಾಖಲಿಸಿ, ಅಕ್ಕಪಕ್ಕದ ವೀಕ್ಷಕರಿಗೆ ಅಲ್ಲಿಂದಲೇ ತಿಳಿಸಿ.

ಉಳಿದ ಸಂದರ್ಭಗಳಲ್ಲಿ ಹಕ್ಕಿ ನೋಟ ದಾಖಲಿಸುವ ಜಾಲತಾಣ ಇಬರ್ಡ್‌ನಲ್ಲಿ "ಗಲ್ ಎಸ್‌ಪಿ.", ಅಂದರೆ ಜಾತಿ ತಿಳಿಯದ ಕಡಲಕ್ಕಿ, ಎಂದು ಹಾಕುವುದರಲ್ಲಿ ಅವಮಾನ ಏನೂ ಇಲ್ಲ. ತಪ್ಪು ಹೆಸರು ಪಟ್ಟಿಗೆ ಸೇರಿದರೆ ಅದನ್ನು ತೆಗೆಸುವುದೇ ದೊಡ್ಡ ಕೆಲಸ. ಮರುದಿನದ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಆ ಲೆಕ್ಕ ಹಾಕಿ ಅದೇ ದಿಣ್ಣೆಗೆ ಹೋಗಿ. ಕಡಲಕ್ಕಿಗಳು ವಿಶ್ರಮಿಸುವ ಜಾಗವನ್ನು ಅಷ್ಟು ಬೇಗ ಬಿಡುವುದಿಲ್ಲ, ನಿನ್ನೆ ರೆಕ್ಕೆ ತೋರಿಸದ ಹಕ್ಕಿ ಇವತ್ತು ತೋರಿಸಬಹುದು.